ಆಯಿ ಅಳುತ್ತಿರಲಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಗೋಡೆ ಮೇಲೆ 1948ರ ಒಂದು ಮದುವೆ ಫೋಟೋ ಇದೆ. ಅಜ್ಜ ಮತ್ತು ಆಯಿ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. ಅಜ್ಜ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತಿದ್ದಾನೆ. ಆಯಿ ಪಕ್ಕದಲ್ಲಿ ನಿಂತಿದ್ದಾಳೆ. ಹುಬ್ಬು ಗಂಟಿಕ್ಕಿದೆ. ಸೆರಗು ಕಪ್ಪು, ಹಣೆಯ ಬೊಟ್ಟೂ ಕಪ್ಪು. ಚಿಕ್ಕವರಿದ್ದಾಗ ನಾವೇ ಒಂದು ಕಥೆ ಕಟ್ಟಿದ್ದೆವು: ಪಾಪ, ಮನಸ್ಸಿಲ್ಲದ ಮದುವೆ.

ಒಂದು ದಿನ ಕೇಳಿಯೇಬಿಟ್ಟೆ. ಆಯಿಗೆ ನಗು ತಡೆಯಲಿಲ್ಲ. "ಅಳಾಕ ಏನಾಗಿತ್ತೋ? ಬಿಸಲು ಕಣ್ಣಿಗೆ ಹೊಡೀತಿತ್ತು. ಫೋಟೋದಾಂವ ಅಲುಗಾಡಬ್ಯಾಡ್ರಿ ಅಂತ ಗದರಸತಿದ್ದ."

ಮನೆಯೊಳಗೆ ಬೆಳಕು ಸಾಲದು. ಹಾಗಾಗಿ ಅಂಗಳದಲ್ಲಿ, ಸೂರ್ಯನ ಕಡೆ ಮುಖ ಮಾಡಿಸಿ ನಿಲ್ಲಿಸಿದ್ದ. ಲೆನ್ಸು ಸ್ವಲ್ಪ ಹೊತ್ತು ತೆರೆದಿರಬೇಕಿತ್ತು. ಅಷ್ಟು ಹೊತ್ತು ನಗು ಹಿಡಿದು ನಿಲ್ಲೋದು ಸುಲಭ ಅಲ್ಲ, ಅಲ್ವಾ? ಮೂಲೆಯಲ್ಲಿ ಒಬ್ಬ ಹುಡುಗ ತಲೆ ತಿರುಗಿಸಿದ್ದಾನೆ. ಅವನಿಗೆ ಮುಖವೇ ಇಲ್ಲ, ಬರೀ ಹೊಗೆ.

ಇನ್ನು ಆ ಕಪ್ಪು ಸೆರಗು. ಆಗ ಆರ್ಥೋಕ್ರೊಮ್ಯಾಟಿಕ್ ಅನ್ನುವ ಪ್ಲೇಟು, ಫಿಲ್ಮು ಬಳಕೆಯಲ್ಲಿದ್ದವು. ಅವಕ್ಕೆ ಕೆಂಪು ಕಾಣುವುದಿಲ್ಲ. ಅದಕ್ಕೇ ಕೆಂಪು ದೀಪ ಹಚ್ಚಿಕೊಂಡು ತೊಳೆಯಬಹುದಿತ್ತು. ಫೋಟೋದಲ್ಲಿ ಕೆಂಪು ಕಪ್ಪಾಗಿ ಮೂಡುತ್ತದೆ, ನೀಲಿ ಬಿಳುಚಿಕೊಳ್ಳುತ್ತದೆ. ಆಯಿ ಉಟ್ಟಿದ್ದು ಇಳಕಲ್ ಸೀರೆ. ಅದರ ಟೋಪ್ ತೆನಿ ಸೆರಗು ಅಚ್ಚ ಕೆಂಪು, ನಡುವೆ ಬಿಳಿ ತೆನೆ. ಹಣೆಯಲ್ಲಿ ಕುಂಕುಮ. ನಾವು ದುಃಖ ಅಂದುಕೊಂಡಿದ್ದರಲ್ಲಿ ಅರ್ಧ ಬಿಸಿಲು, ಅರ್ಧ ಫಿಲ್ಮು!

ಮುಖ ಬಿಟ್ಟು ಈಗ ಕೈ ನೋಡುತ್ತೇನೆ. ಮುಖಕ್ಕೆ ಫೋಟೋದವನ ಅಪ್ಪಣೆ ಇತ್ತು, ಕೈಗೆ ಇರಲಿಲ್ಲ. ಭೂತಗನ್ನಡಿ ಹಿಡಿದರೆ ಆಯಿಯ ಎಡಗೈ ಕುರ್ಚಿಯ ಹಿಂದೆ ಅರ್ಧ ಕಾಣುತ್ತದೆ. ಅಜ್ಜನ ಶಲ್ಯಕ್ಕೂ ಅವಳ ಸೆರಗಿಗೂ ಹಾಕಿದ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ. ಬಿಚ್ಚಬಾರದು ಅಂತಲೋ, ಸುಮ್ನೆ ಕೈಗೆ ಒಂದು ಆಸರೆ ಬೇಕಿತ್ತೋ. ಇದನ್ನು ನಾನು ಗಮನಿಸುವ ಹೊತ್ತಿಗೆ ಕೇಳಲು ಆಯಿ ಇರಲಿಲ್ಲ.

ಅವರ ಹಿಂದೆ ಒಂದು ಜಮಖಾನ ಕಟ್ಟಿದೆ. ಹಳೆ ಗೋಡೆ ಚೆನ್ನಾಗಿ ಕಾಣುವುದಿಲ್ಲ ಅಂತ ಫೋಟೋದವ ಮುಚ್ಚಿಸಿದ್ದ. ಆಲಮಟ್ಟಿ ಹಿನ್ನೀರು ಬಂದಾಗ ಆ ಮನೆ ಮುಳುಗಿತು, ನಾವು ನವನಗರಕ್ಕೆ ಬಂದೆವು. ಆ ಮನೆಯದು ಬೇರೆ ಫೋಟೋ ಇಲ್ಲ. ಜಮಖಾನದ ಬಲ ಅಂಚಿನಾಚೆ ಬಾಗಿಲ ಚೌಕಟ್ಟು ನಾಲ್ಕು ಬೆರಳಷ್ಟು ಕಾಣುತ್ತದೆ, ಜೊತೆಗೆ ಒಂದು ಮೊಳೆ. ಮನೆಗೆ ಯಾರೇ ಬರಲಿ, ಅಪ್ಪ ಮದುಮಕ್ಕಳನ್ನು ಬಿಟ್ಟು ಮೊದಲು ಆ ಮೊಳೆಯನ್ನೇ ತೋರಿಸುತ್ತಾರೆ.