ನೆಲ್ಸನ್‌ಗೆ ಎಷ್ಟು ಕಾಲು?

[ಪರದೆಯ ಮೇಲೆ: ಹಳೆಯ ಸ್ಕೋರ್‌ಬೋರ್ಡ್, 111]

ನಮಸ್ಕಾರ. ತೊಂಬತ್ತರ ದಶಕದ ಕ್ರಿಕೆಟ್ ನೋಡಿದವರಿಗೆ ಅಂಪೈರ್ ಡೇವಿಡ್ ಶೆಫರ್ಡ್ ನೆನಪಿರಬೇಕು. ದುಂಡು ಮೈ, ಕೆಂಪು ಕೆನ್ನೆ, ಗಂಭೀರ ಮನುಷ್ಯ. ಸ್ಕೋರು 111 ಆಯಿತೆಂದರೆ ಮಾತ್ರ ಆ ಗಾಂಭೀರ್ಯವೆಲ್ಲ ಹೋಗಿ, ಕುಂಟೆಬಿಲ್ಲೆ ಆಡುವ ಹುಡುಗನ ಹಾಗೆ ಒಂಟಿಕಾಲಲ್ಲಿ ಜಿಗಿಯುತ್ತಿದ್ದರು. 222 ಆದರೂ ಅದೇ, 333 ಆದರೂ ಅದೇ. ನಮ್ಮ ಮನೆಯಲ್ಲಿ ಅಪ್ಪ, "ಪಾಪ, ಬೆಳಗಿನಿಂದ ನಿಂತೂ ನಿಂತೂ ಕಾಲು ಜೋಮು ಹಿಡಿದಿರಬೇಕು" ಎನ್ನುತ್ತಿದ್ದರು.

ಜೋಮಲ್ಲ. ಇಂಗ್ಲಿಷರ ಕ್ರಿಕೆಟ್ಟಿನಲ್ಲಿ 111ಕ್ಕೆ 'ನೆಲ್ಸನ್' ಎಂದು ಹೆಸರು. ಅದು ಅಪಶಕುನದ ಸಂಖ್ಯೆ, ಎರಡೂ ಪಾದ ನೆಲದಲ್ಲಿದ್ದರೆ ವಿಕೆಟ್ ಬೀಳುತ್ತದೆ ಎಂದು ನಂಬಿಕೆ. 2011ರ ನವೆಂಬರ್ 11ರಂದು ಕೇಪ್‌ಟೌನ್‌ನಲ್ಲಿ, ಸರಿಯಾಗಿ 11 ಗಂಟೆ 11 ನಿಮಿಷಕ್ಕೆ, ದಕ್ಷಿಣ ಆಫ್ರಿಕಾ ಗೆಲ್ಲಲು 111 ರನ್ ಬೇಕಿತ್ತು. ಅಂಪೈರ್ ಇಯಾನ್ ಗೂಲ್ಡ್ ಒಂದು ಕಾಲೆತ್ತಿ ನಿಂತರು, ಗ್ಯಾಲರಿಯೂ ನಿಂತಿತು.

ಯಾಕೆ ಈ ಹೆಸರು? ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ಗೆ ಒಂದು ಕಣ್ಣು, ಒಂದು ಕೈ, ಒಂದು ಕಾಲು, ಹಾಗಾಗಿ ಒಂದು-ಒಂದು-ಒಂದು. ಕಥೆ ಚೆನ್ನಾಗಿದೆ. ತೊಂದರೆ ಒಂದೇ: ನೆಲ್ಸನ್‌ಗೆ ಎರಡೂ ಕಾಲುಗಳಿದ್ದವು, ಸಾಯುವ ತನಕ. ಕಣ್ಣುಗಳೂ ಎರಡೇ, ಬಲಗಣ್ಣಿನ ದೃಷ್ಟಿ ಹೋಗಿತ್ತು, ಗುಡ್ಡೆ ಅಲ್ಲೇ ಇತ್ತು. ಕಪ್ಪು ಪಟ್ಟಿಯನ್ನು ಅವನು ಕಟ್ಟಿದ್ದೂ ಇಲ್ಲ. ಲೆಕ್ಕ ಸರಿಯಾಗಿ ಹಾಕಿದರೆ ಕ್ರಿಕೆಟ್ಟಿನ ಅಪಶಕುನ 212 ಆಗಬೇಕಿತ್ತು.

ಹಾಗಾದರೆ ಈ ಮನುಷ್ಯನ ದೇಹಕ್ಕೆ ನಿಜವಾಗಿ ಏನೇನಾಯಿತು ಎಂದು ಹುಡುಕುತ್ತ ಹೋದೆ. ಹೋದವನಿಗೆ ಕೊನೆಗೆ ಸಿಕ್ಕಿದ್ದು ಒಂದು ಬ್ರಾಂದಿ ಪೀಪಾಯಿ. ಅಲ್ಲಿಗೆ ಬೇಗ ಮುಟ್ಟಬೇಕು, ಆದ್ದರಿಂದ ಜೀವನಚರಿತ್ರೆಯನ್ನು ಓಡಿಸುತ್ತೇನೆ.

[ನಕ್ಷೆ: ಇಂಗ್ಲೆಂಡಿನ ಪೂರ್ವ ಕರಾವಳಿ]

ಹೊರೇಶಿಯೊ ನೆಲ್ಸನ್, 1758, ನಾರ್ಫೋಕ್‌ನ ಬರ್ನಂ ಥಾರ್ಪ್ ಎಂಬ ಹಳ್ಳಿ. ತಂದೆ ಪಾದ್ರಿ. ಒಂಬತ್ತು ವರ್ಷಕ್ಕೆ ತಾಯಿ ತೀರಿಕೊಂಡಳು. ಹನ್ನೆರಡಕ್ಕೆ ಹಡಗು ಹತ್ತಿದ. ಹಡಗಿನ ಕ್ಯಾಪ್ಟನ್ ಮಾರಿಸ್ ಸಕ್ಲಿಂಗ್ ಯಾರು ಎಂದರೆ ಸೋದರಮಾವ. ವಶೀಲಿ ಎಲ್ಲ ದೇಶದಲ್ಲೂ ಒಂದೇ. ತಮಾಷೆಯೆಂದರೆ ಈ ಮಹಾ ನಾವಿಕನಿಗೆ ಜೀವಮಾನವಿಡೀ ಹಡಗಿನಲ್ಲಿ ವಾಂತಿ ಬರುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ, ನಮ್ಮವರೊಬ್ಬರು ಬರುತ್ತಾರೆ. 1775ರ ಫೆಬ್ರವರಿ 19. ಹದಿನಾರರ ನೆಲ್ಸನ್ 'ಸೀಹಾರ್ಸ್' ಹಡಗಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಣದ ಜೊತೆ ಬೊಂಬಾಯಿಗೆ ಹೊರಟಿದ್ದಾನೆ. ಎರಡು ಚಿಕ್ಕ ಹಡಗುಗಳು ಮೇಲೆ ಬಿದ್ದವು. ಯಾರವು? ಮೈಸೂರಿನ ಹೈದರಾಲಿಯವು. ಸ್ವಲ್ಪ ಹೊತ್ತು ಗುಂಡು ಹಾರಿ, ಸೀಹಾರ್ಸ್ ಅವನ್ನು ಓಡಿಸಿತು. ನೆಲ್ಸನ್ ಕಂಡ ಮೊದಲ ಕಾಳಗ ಅದೇ. ಶಾಲೆಯಲ್ಲಿ ಹೈದರನ ಕುದುರೆ, ಫಿರಂಗಿ ಎಲ್ಲ ಓದಿದ್ದೆವು. ಟ್ರಫಾಲ್ಗರ್‌ನ ಹೀರೋಗೆ ಯುದ್ಧದ ಓನಾಮ ಕಲಿಸಿದ್ದು ಅವನ ಹಡಗುಗಳು ಎಂದು ಯಾವ ಮೇಷ್ಟರೂ ಹೇಳಲಿಲ್ಲ. ಆಮೇಲೆ ಮಲೇರಿಯಾ ಹಿಡಿದು, ಸಾಯುವ ಸ್ಥಿತಿಯಲ್ಲಿ ಹುಡುಗ ಊರಿಗೆ ಮರಳಿದ.

1794, ಕಾರ್ಸಿಕಾದ ಕಾಲ್ವಿ: ಗುಂಡು ಬಿದ್ದು ಸಿಡಿದ ಕಲ್ಲು, ಮಣ್ಣು ಬಲಗಣ್ಣಿಗೆ. 1797, ಟೆನೆರಿಫ್: ಬಲಗೈಗೆ ಗುಂಡು, ಅದೇ ರಾತ್ರಿ ಕತ್ತರಿಸಿ ತೆಗೆದರು. ಉಳಿದ ಮೋಟನ್ನು ಅವನು 'ನನ್ನ ಈಜುರೆಕ್ಕೆ' ಎನ್ನುತ್ತಿದ್ದ. ಎಡಗೈ ಅಡ್ಮಿರಲ್ ಇನ್ನು ಯಾರಿಗೂ ಬೇಡ ಎಂದು ಮೇಲಧಿಕಾರಿಗೆ ಎಡಗೈಯಲ್ಲೇ ಬರೆದ. ಮುಂದಿನ ವರ್ಷವೇ ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ನೆಪೋಲಿಯನ್ನನ ನೌಕಾಪಡೆಯನ್ನು ಧೂಳೀಪಟ ಮಾಡಿದ. ಫ್ರೆಂಚರ ದೊಡ್ಡ ಹಡಗು 'ಲೋರಿಯಾಂ' ಮದ್ದಿನ ಮನೆಗೆ ಬೆಂಕಿ ತಗಲಿ ಸಿಡಿದುಹೋಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

1801ರಲ್ಲಿ ಕೋಪನ್‌ಹೇಗನ್. ಹಿಂದೆ ಸರಿ ಎಂದು ಮೇಲಧಿಕಾರಿ ಬಾವುಟ ಏರಿಸಿದ. ನೆಲ್ಸನ್ ದೂರದರ್ಶಕವನ್ನು ಕುರುಡುಗಣ್ಣಿಗೆ ಹಿಡಿದು, "ನನಗೇನೂ ಕಾಣುತ್ತಿಲ್ಲವಲ್ಲ" ಎಂದನಂತೆ. ಜಾಣಕುರುಡು ಎಂಬ ಪದ ನಮ್ಮಲ್ಲಿ ಇದಕ್ಕೂ ಮೊದಲಿನಿಂದ ಇದೆ ಎಂದು ನನ್ನ ಅನುಮಾನ. ಅದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಮಾತ್ರ ಸಿಗಲಾರದು.

1805ರ ಅಕ್ಟೋಬರ್ 21, ಸ್ಪೇನಿನ ಟ್ರಫಾಲ್ಗರ್ ಭೂಶಿರ. ಎದುರಿಗೆ 33 ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳು, ಇವನ ಕಡೆ 27. ಸಂಜೆಯ ಹೊತ್ತಿಗೆ ಬ್ರಿಟಿಷರ ಒಂದು ಹಡಗೂ ಹೋಗಿರಲಿಲ್ಲ. ಆದರೆ ಮಧ್ಯಾಹ್ನ ಒಂದೂಕಾಲರ ಸುಮಾರಿಗೆ ಪಕ್ಕದ ಫ್ರೆಂಚ್ ಹಡಗಿನ ಹಾಯಿಕಂಬದ ಮೇಲಿನಿಂದ ಬಂದ ಗುಂಡು ನೆಲ್ಸನ್ನನ ಎಡಭುಜದಿಂದ ಇಳಿದು ಬೆನ್ನುಮೂಳೆ ಮುರಿದಿತ್ತು. ನಾಲ್ಕೂವರೆಗೆ ಜೀವ ಹೋಯಿತು.

[ಪರದೆಯ ಮೇಲೆ: ಪೀಪಾಯಿಯ ಚಿತ್ರ]

ಬಂದೆವು, ಪೀಪಾಯಿಯ ಹತ್ತಿರ. ಈಗ ನಿಧಾನ.

ಆ ಕಾಲದಲ್ಲಿ ನಾವಿಕ ಸತ್ತರೆ ಅವನ ತೂಗುಹಾಸಿಗೆಯಲ್ಲೇ ಸುತ್ತಿ ಹೊಲಿದು, ಭಾರ ಕಟ್ಟಿ, ನೀರಿಗೆ ಬಿಡುತ್ತಿದ್ದರು. ನೆಲ್ಸನ್ ಸಾಯುವ ಮುಂಚೆ ಕ್ಯಾಪ್ಟನ್ ಹಾರ್ಡಿಗೆ ಹೇಳಿದ: ನನ್ನನ್ನು ಸಮುದ್ರಕ್ಕೆ ಎಸೆಯಬೇಡ. ಸರಿ, ಎಸೆಯುವುದಿಲ್ಲ. ಇಂಗ್ಲೆಂಡು ವಾರಗಟ್ಟಲೆ ದೂರ, ಸೀಸದ ಪೆಟ್ಟಿಗೆ ಮಾಡಲು ಹಡಗಿನಲ್ಲಿ ಸೀಸವಿಲ್ಲ. ವೈದ್ಯ ವಿಲಿಯಂ ಬೀಟಿ, ಹಡಗಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೀಪಾಯಿ ತರಿಸಿದ, ತಲೆಗೂದಲು ಕತ್ತರಿಸಿ ತೆಗೆದಿಟ್ಟ, ಅಡ್ಮಿರಲ್ಲನನ್ನು ಒಳಗಿಳಿಸಿ ಬ್ರಾಂದಿ ತುಂಬಿಸಿದ.

ಮಿಡಿ ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇಲ್ಲಿಂದ ಮುಂದಿನದನ್ನು ವಿವರಿಸಬೇಕಾಗಿಲ್ಲ. ಮಿಡಿ ರಸದಲ್ಲಿ ಮುಳುಗಿರಬೇಕು. ತಲೆ ಮೇಲೆತ್ತಿ ಗಾಳಿ ಸೋಕಿತೋ, ಬೂಷ್ಟು ಹಿಡಿಯಿತು. ಹಾಗಾಗಿ ಅಜ್ಜಿಯಂದಿರು ಭರಣಿಯನ್ನು ಆಗಾಗ ಇಣುಕಿ ನೋಡುತ್ತಾರೆ, ರಸ ಕಡಿಮೆಯಾದರೆ ಉಪ್ಪುನೀರು ಕಾಸಿ, ಆರಿಸಿ ಸುರಿಯುತ್ತಾರೆ. ಬೀಟಿ ಮಾಡಿದ್ದೂ ಅದನ್ನೇ. ಪೀಪಾಯಿಗೆ ಮೇಲೊಂದು ತೂತು, ಕೆಳಗೊಂದು ತೂತು; ಕೆಳಗಿನಿಂದ ಹಳೆಯದನ್ನು ಇಳಿಸುವುದು, ಮೇಲಿನಿಂದ ಹೊಸದನ್ನು ತುಂಬುವುದು. ಜಿಬ್ರಾಲ್ಟರ್ ಸೇರಿದ ಮೇಲೆ ಇನ್ನೂ ಕಟುವಾದ ಮದ್ಯಸಾರ ಸಿಕ್ಕಿತು, ಅದನ್ನೂ ಹಾಕಿದರು. ಪೀಪಾಯಿಯ ಪಕ್ಕದಲ್ಲಿ ಹಗಲೂ ರಾತ್ರಿ ಕಾವಲು. ಒಂದು ರಾತ್ರಿ ಕಾವಲುಗಾರನ ಕಣ್ಣೆದುರೇ ಮುಚ್ಚಳ ತಾನಾಗಿ ಮೇಲೆದ್ದಿತು. ಶವದಿಂದ ಹೊರಟ ಗಾಳಿ ಅಷ್ಟೇ. ಆದರೆ ಆ ಹುಡುಗನ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿಕೊಂಡು ನೋಡಿ: ಕತ್ತಲು, ಅಲೆಯ ಸದ್ದು, ಒಳಗೆ ಅಡ್ಮಿರಲ್, ಮುಚ್ಚಳ ಏಳುತ್ತಿದೆ.

ನಾವಿಕರು ನಳಿಗೆ ಹಾಕಿ ಆ ಬ್ರಾಂದಿಯನ್ನೇ ಹೀರಿ ಮುಗಿಸಿದರು ಎಂಬ ಕಥೆ ಆಮೇಲೆ ಹುಟ್ಟಿಕೊಂಡಿತು. ಅದು ಕಥೆ. ಆದರೂ ಇವತ್ತಿಗೂ ಅಲ್ಲಿ ರಮ್‌ಗೆ 'ನೆಲ್ಸನ್ನನ ರಕ್ತ' ಎನ್ನುವವರಿದ್ದಾರೆ.

ನಾನು ಕಟ್ಟಿದ್ದು ಎಂದು ನೀವು ಅನುಮಾನಪಡಬಹುದಾದ ಭಾಗ ಈಗ ಬರುತ್ತದೆ. ಅಡ್ಮಿರಲ್ ಹೀಗೆ ಪೀಪಾಯಿಯಲ್ಲಿ ನೆನೆಯುತ್ತಿರುವಾಗ, ಅವನ ಸಾವಿನ ಸುದ್ದಿಯನ್ನು ಇಂಗ್ಲೆಂಡಿಗೆ ಒಯ್ದ ಪುಟ್ಟ ಹಡಗಿನ ಹೆಸರು 'ಪಿಕಲ್'. ಹೌದು, ಉಪ್ಪಿನಕಾಯಿ. ಅದರ ಅಧಿಕಾರಿ ಲಾಪೆನೊಟಿಯರ್ ಫಾಲ್ಮತ್‌ನಲ್ಲಿ ಇಳಿದು, 21 ಕಡೆ ಕುದುರೆ ಬದಲಿಸಿ, ಸುಮಾರು 270 ಮೈಲಿ ಓಡಿ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಲಂಡನ್ ಮುಟ್ಟಿದ.

ಶವಪೆಟ್ಟಿಗೆಯ ಚಿಂತೆ ಇರಲಿಲ್ಲ, ಅದು ಮೊದಲೇ ತಯಾರಿತ್ತು. ಲೋರಿಯಾಂ ನೆನಪಿಟ್ಟುಕೊಳ್ಳಿ ಎಂದೆನಲ್ಲ? ಆ ಹಡಗಿನ ಮುರಿದ ಹಾಯಿಕಂಬವನ್ನು ಕ್ಯಾಪ್ಟನ್ ಬೆಂಜಮಿನ್ ಹ್ಯಾಲೊವೆಲ್ ನೀರಿನಿಂದೆತ್ತಿ, ಅದರಿಂದ ಶವಪೆಟ್ಟಿಗೆ ಮಾಡಿಸಿ, 1799ರಲ್ಲಿ ನೆಲ್ಸನ್‌ಗೆ ಉಡುಗೊರೆ ಕೊಟ್ಟಿದ್ದ. ನಮ್ಮಲ್ಲಿ ಯಾರಿಗಾದರೂ ಬದುಕಿರುವಾಗಲೇ ಚಟ್ಟ ಕಟ್ಟಿಸಿ ಕೊಟ್ಟು ನೋಡಿ, ಏನಾಗುತ್ತದೆ ಎಂದು. ನೆಲ್ಸನ್ ಸಂತೋಷಪಟ್ಟು, ಅದನ್ನು ತನ್ನ ಕೋಣೆಯಲ್ಲಿ, ಊಟಕ್ಕೆ ಕೂರುವ ಕುರ್ಚಿಯ ಹಿಂದೆ ನೆಟ್ಟಗೆ ನಿಲ್ಲಿಸಿಕೊಂಡ.

1806ರ ಜನವರಿ 9ರಂದು ಸೇಂಟ್ ಪಾಲ್ಸ್‌ನಲ್ಲಿ ಅಂತ್ಯಕ್ರಿಯೆ. ಮಡಚಿ ಗೋರಿಯೊಳಗೆ ಇಡಬೇಕಿದ್ದ ಹಡಗಿನ ಬಾವುಟವನ್ನು ನಾವಿಕರು ನೆನಪಿಗೆಂದು ಚೂರುಚೂರು ಹರಿದುಕೊಂಡರು. ಮೇಲಿನ ಕಪ್ಪು ಅಮೃತಶಿಲೆಯ ಪೆಟ್ಟಿಗೆಯೂ ಅವನಿಗೆಂದು ಮಾಡಿದ್ದಲ್ಲ. ಹದಿನಾರನೆಯ ಶತಮಾನದ ಮಂತ್ರಿ ಕಾರ್ಡಿನಲ್ ವೂಲ್ಸಿ ತನಗೆಂದು ಮಾಡಿಸಿಕೊಂಡದ್ದು; ಅವನು ಪದಚ್ಯುತನಾದಾಗ ರಾಜ ಎಂಟನೆಯ ಹೆನ್ರಿ ಕಿತ್ತುಕೊಂಡ; ಆಮೇಲೆ ಯಾರಿಗೂ ಬಳಸದೆ ವಿಂಡ್ಸರ್‌ನಲ್ಲಿ ಸುಮಾರು ಮುನ್ನೂರು ವರ್ಷ ಬಿದ್ದಿತ್ತು.

ಪೀಪಾಯಿಯಲ್ಲೇ ಸಮಯವೆಲ್ಲ ಮುಗಿಯಿತು. ಸ್ಮಾರಕಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ.

[ಚಿತ್ರಗಳು ಬೇಗ ಬೇಗ: ಲಂಡನ್, ಡಬ್ಲಿನ್, ಬ್ರಿಜ್‌ಟೌನ್]

ಲಂಡನ್ನಿನ ಕಂಬದ ಮೇಲೆ 1843ರಲ್ಲಿ ಪ್ರತಿಮೆ ಏರಿತು. 2006ರ ದುರಸ್ತಿಯಲ್ಲಿ ಅಳೆದಾಗ ಇಡೀ ಸ್ಮಾರಕ ಸುಮಾರು 169 ಅಡಿ, ಜನ ನಂಬಿದ್ದಕ್ಕಿಂತ 14 ಅಡಿ ಗಿಡ್ಡ. ಡಬ್ಲಿನ್‌ನ ಕಂಬವನ್ನು 1966ರಲ್ಲಿ ಐರಿಷ್ ಗಣತಂತ್ರವಾದಿಗಳು ಸಿಡಿಸಿದರು. ಬಾರ್ಬಡೋಸ್‌ನವರು 1813ರಿಂದ ನಿಂತಿದ್ದ ಪ್ರತಿಮೆಯನ್ನು 2020ರಲ್ಲಿ ಇಳಿಸಿ ಮ್ಯೂಸಿಯಂಗೆ ಕಳಿಸಿದರು. ಗುಲಾಮರನ್ನು ದುಡಿಸಿ ಸಕ್ಕರೆ ತೆಗೆದ ದ್ವೀಪ ಅದು. ನೆಲ್ಸನ್ನನೋ ಜಮೈಕಾದ ತೋಟದ ಒಡೆಯ ಸೈಮನ್ ಟೇಲರ್‌ಗೆ 1805ರಲ್ಲಿ ಬರೆದ ಪತ್ರದಲ್ಲಿ, ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ನನ್ನು ಶಪಿಸಿದ್ದ. ಇಳಿಸಿದ್ದು ಸರಿ ಎಂದೇ ನನಗನ್ನಿಸುತ್ತದೆ. ಬೇಡ ಎನ್ನುವವರು ಕಮೆಂಟಿನಲ್ಲಿ ಜಗಳಕ್ಕೆ ಬನ್ನಿ.

ಕೊನೆಗೆ ಕೂದಲಿನ ವಿಷಯ. ಟ್ರಫಾಲ್ಗರ್‌ನ ಬೆಳಿಗ್ಗೆ, ಯುದ್ಧಕ್ಕೆ ಮುಂಚೆ, ನೆಲ್ಸನ್ ತನ್ನ ಪ್ರೇಯಸಿ ಎಮ್ಮಾ ಹ್ಯಾಮಿಲ್ಟನ್‌ಳನ್ನು ರಾಜನಿಗೂ ದೇಶಕ್ಕೂ ಒಪ್ಪಿಸಿದ್ದೇನೆ, ಅವಳನ್ನು ಸಾಕಿ ಎಂದು ಬರೆದಿಟ್ಟಿದ್ದ. ಸರಕಾರ ಅವನ ಅಣ್ಣ ವಿಲಿಯಂನನ್ನು ಅರ್ಲ್ ಮಾಡಿತು, ವರ್ಷಕ್ಕೆ 5000 ಪೌಂಡ್ ಪಿಂಚಣಿ ಕೊಟ್ಟಿತು. ವಂಶಪಾರಂಪರ್ಯದ ಆ ಪಿಂಚಣಿಯನ್ನು ಕೊನೆಗಾಣಿಸಲು ಪಾರ್ಲಿಮೆಂಟಿಗೆ 1947ರಲ್ಲಿ ಕಾಯಿದೆಯೇ ಬೇಕಾಯಿತು. ಎಮ್ಮಾಗೆ ಸರಕಾರದಿಂದ ಒಂದು ಕಾಸೂ ಬರಲಿಲ್ಲ. ಸಾಲಕ್ಕೆ ಜೈಲು ಕಂಡು, 1815ರಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಬಡತನದಲ್ಲಿ ಸತ್ತಳು. ಬೀಟಿ ಕತ್ತರಿಸಿದ ಜಡೆ ಮಾತ್ರ ನೆಲ್ಸನ್ ಬಯಸಿದಂತೆಯೇ ಅವಳ ಕೈ ಸೇರಿತ್ತು. ಈಗ ಅದು ಗ್ರೀನಿಚ್‌ನ ಮ್ಯೂಸಿಯಂನಲ್ಲಿದೆ.