ಆಟಿ ತಿಂಗಳ ಕಡಲು ನೀಲಿ ಇರುತ್ತದಾ?

ಕೇಳುಗರೇ, ನಮಸ್ಕಾರ. ಮಳೆಗಾಲ ಬಂತೆಂದರೆ ಕ್ಯಾಮೆರಾವನ್ನು ಕಪಾಟಿನೊಳಗೆ ಇಡುವವರೇ ಜಾಸ್ತಿ. 'ಬೆಳಕೇ ಇಲ್ಲ, ಎಂತ ಫೋಟೊ ತೆಗೆಯುವುದು ಮಾರಾಯ್ರೆ' ಅನ್ನುತ್ತಾರೆ. ಬೆಳಕು ಇದೆ. ಮೋಡ ಅದನ್ನು ಸೋಸಿ ಎಲ್ಲ ಕಡೆಗೂ ಹರಡಿದೆ, ಅಷ್ಟೇ. ಕಡುಕಪ್ಪು ನೆರಳಿಲ್ಲ, ಕಣ್ಣು ಕುಕ್ಕುವ ಬಿಳುಪಿಲ್ಲ. ಅದನ್ನು ಹಾಗೇ ಬಿಡಿ. ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ಅಂತರ, ಏರಿಸಬೇಡಿ.

ನಾನೂ ಏರಿಸಿದವನೇ. ಒಮ್ಮೆ ಆಟಿಯಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ಬೆಳಿಗ್ಗೆ ಬೇಗ ಉಡುಪಿ ಹತ್ತಿರದ ಕಾಪು ಕಡಲತೀರಕ್ಕೆ ಹೋಗಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಅಲ್ಲಿನ 1901ರ ದೀಪಸ್ತಂಭ ಗೊತ್ತಲ್ವಾ, ಕಪ್ಪು ಬಿಳಿ ಪಟ್ಟೆಯದ್ದು? ದೂರದಿಂದ ಆ ಕಪ್ಪು ಕಪ್ಪಾಗಿರಲಿಲ್ಲ, ಒಲೆಯ ಬೂದಿಯ ಬಣ್ಣ. ಬಿಳಿ ಪಟ್ಟೆ ಆಕಾಶದಲ್ಲೇ ಕರಗಿತ್ತು. ಹೊಳೆಯ ಮಣ್ಣು ಕುಡಿದ ಕಡಲು ಚಹಾದ ಹಾಗಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆ. 'ಛೆ, ಸಪ್ಪೆ' ಅನ್ನಿಸಿತು. ಕಾಂಟ್ರಾಸ್ಟ್ ಎಳೆದೆ, ಪಟ್ಟೆ ಇದ್ದಿಲಾಯಿತು. ನೀಲಿಯನ್ನೂ ಏರಿಸಿದೆ. ದೊಡ್ಡ ಪ್ರಿಂಟ್ ಹಾಕಿಸಿ ನೆರೆಮನೆಯ ಅಣ್ಣನಿಗೆ ತೋರಿಸಿದೆ. ಅವರು ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ತುಂಬ ಹೊತ್ತು ನೋಡಿದರು.

'ಇದು ಯಾವ ಊರು ಮಾರಾಯ್ರೆ?'

ನಮ್ಮ ಕಾಪುವೇ, ಆಟಿಯಲ್ಲಿ ತೆಗೆದದ್ದು ಅಂದೆ. ನಕ್ಕುಬಿಟ್ಟರು. 'ಆಟಿಯಲ್ಲಿ ಕಡಲು ಹೀಗಿದ್ದರೆ ನಾನು ಯಾಕೆ ಮನೆಯಲ್ಲಿ ಕೂರುತ್ತಿದ್ದೆ?'

ನನಗೆ ನಾಚಿಕೆಯಾಯಿತು. ತಪ್ಪು ಬಣ್ಣದ್ದು ಮಾತ್ರ ಅಲ್ಲ, ನೋಡಿ. ಹತ್ತಿರದ್ದು ಗಾಢ, ದೂರದ್ದು ಮಾಸಲು. ನಮ್ಮ ಕಣ್ಣು ದೂರವನ್ನು ಅಳೆಯುವುದು ಹಾಗೆ. ಮಾಸಲನ್ನು ಕಪ್ಪು ಮಾಡಿದೆ, ದೂರವೇ ಹೋಯಿತು. ದೀಪಸ್ತಂಭ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿತ್ತು!

ಕಥೆಯೇ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಗದ್ದೆಯ ಹಸಿರಿನಲ್ಲಿ ಹಳದಿ ಇದೆ. ಹಿಂದಿನ ಹಲಸಿನ ಮರದ ಹಸಿರು ಬೇರೆ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದರೆ ಎರಡೂ ಒಂದೇ ಪ್ಲಾಸ್ಟಿಕ್. ಒದ್ದೆ ಎಲೆ ಜಾಸ್ತಿ ಹೊಳೆದರೆ ಲೆನ್ಸಿನ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿ ತಿರುಗಿಸಿ, ಹೊಳಪು ಇಳಿದು ಎಲೆಯದ್ದೇ ಬಣ್ಣ ಬರುತ್ತದೆ. ಬಿಳಿ ಮಂಜು ಕೊಳೆ ಬಟ್ಟೆಯ ಹಾಗೆ ಬಂದರೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕು, ಅರ್ಧ ಸ್ಟಾಪ್ (ಸ್ಟಾಪ್ ಅಂದರೆ ಬೆಳಕಿನ ಅಳತೆ) ಏರಿಸಿ. ಅದನ್ನು ಏರಿಸಬಹುದು, ಕಾಂಟ್ರಾಸ್ಟ್ ಬೇಡ. ಮೊಬೈಲಿನಲ್ಲಿ ತೆಗೆಯುವವರು ಬಣ್ಣ ಗಾಢ ಮಾಡುವ ವಿವಿಡ್ ಅಂತ ಇರುವುದನ್ನು ಆಫ್ ಮಾಡಿ. ಆಮೇಲೆ ಅಲ್ಲ, ಈಗಲೇ.

ನಾಳೆಯೂ ಮೋಡ ಇದ್ದರೆ ಕೊಡೆ ಹಿಡಿದುಕೊಂಡು ಹೊರಡಿ. ನಮಸ್ಕಾರ.