ಲೂಪ್‌ಗೆ ಸಿಗದೆ ತಪ್ಪಿಸಿಕೊಂಡ ಶ್ಯಾಮ: ಸಾಲಿಡಿಟಿ ಅರೇ ಡೀಬಗ್ಗಿಂಗ್

ನಮಸ್ಕಾರ. ಮೊನ್ನೆ ಎಥೀರಿಯಂ ಬ್ಲಾಕ್‌ಚೈನ್‌ನ ಭಾಷೆ ಸಾಲಿಡಿಟಿಯಲ್ಲಿ ನಾನೇ ಬರೆದ ಕಾಂಟ್ರ್ಯಾಕ್ಟ್‌ನಲ್ಲಿ (ಬ್ಲಾಕ್‌ಚೈನ್ ಮೇಲೆ ಓಡೋ ಪ್ರೋಗ್ರಾಂ) ಒಂದು ಬಗ್ ಸಿಕ್ಕಿತು. ಎರರ್ ಇಲ್ಲ, ರಿವರ್ಟ್ (ಟ್ರಾನ್ಸಾಕ್ಷನ್ ರದ್ದಾಗೋದು) ಇಲ್ಲ, ಟೆಸ್ಟ್ ಎಲ್ಲಾ ಪಾಸ್. ಆದ್ರೂ ಲೆಕ್ಕ ತಪ್ಪು.

(ಸ್ಕ್ರೀನ್ ಮೇಲೆ: ಸಾಲಿಡಿಟಿ ಬರೆಯೋ ಎಡಿಟರ್ ರೀಮಿಕ್ಸ್. ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ರಾಮ, ಭೀಮ, ಸೋಮ, ಶ್ಯಾಮ)

ಇದು ಚೀಟಿ ಗುಂಪಿನ ಕಾಂಟ್ರ್ಯಾಕ್ಟ್. ಇರೋದು ನಾಲ್ಕು ಅಡ್ರೆಸ್ (ಬ್ಲಾಕ್‌ಚೈನ್ ಖಾತೆ ನಂಬರ್), ಗುರುತಿಗೆ ಹೆಸರು ಇಟ್ಟಿದ್ದೇನೆ ಅಷ್ಟೇ. ಇಂಡೆಕ್ಸ್ 0ರಿಂದ 3. ಭೀಮ, ಶ್ಯಾಮ ಇಬ್ಬರೂ ಕಂತು ಕಟ್ಟಿಲ್ಲ, ತೆಗೀಬೇಕು. ಸುಮ್ನೆ ಡಿಲೀಟ್ ಅಂತ ಬರೆದರೆ ಜಾಗ ಹಾಗೇ ಉಳಿಯುತ್ತದೆ, ಅಲ್ಲಿ ಸೊನ್ನೆ ಅಡ್ರೆಸ್ ಕೂತಿರುತ್ತದೆ, ಲೆಂಗ್ತ್ ಕಡಿಮೆ ಆಗೋದಿಲ್ಲ. ಅದಕ್ಕೇ ಕೊನೆಯವನನ್ನು ಆ ಜಾಗಕ್ಕೆ ತಂದು ಕೂರಿಸಿ, ಆಮೇಲೆ ಪಾಪ್ ಮಾಡುತ್ತೇವೆ, ಅಂದರೆ ಕೊನೆಯ ಜಾಗವನ್ನೇ ತೆಗೆಯುತ್ತೇವೆ.

ಈಗ ಲೂಪ್ ಒಳಗೆ ಕನ್ಸೋಲ್ ಲಾಗ್ ಹಾಕಿ, ಐ (0ರಿಂದ ಒಂದೊಂದೇ ಏರೋ ಇಂಡೆಕ್ಸ್) ಎಷ್ಟು, ಲೆಂಗ್ತ್ ಎಷ್ಟು ನೋಡೋಣ. ಐ 0, ರಾಮ ಸರಿ. ಐ 1, ಭೀಮ ಔಟ್, ಅವನ ಜಾಗಕ್ಕೆ ಶ್ಯಾಮ ಬಂದ, ಲೆಂಗ್ತ್ 3 ಆಯ್ತು. ಐ 2, ಸೋಮ ಸರಿ. ಲೂಪ್ ಮುಗೀತು. ಶ್ಯಾಮನನ್ನು ಯಾರೂ ಕೇಳಲೇ ಇಲ್ಲ! ಕಂಡಕ್ಟರ್ ಟಿಕೆಟ್ ಕೇಳಿ ಮುಂದೆ ಹೋದ ಮೇಲೆ ಹಿಂದಿನ ಸೀಟಿಗೆ ಬಂದು ಕೂತ ಹಾಗೆ. ನನ್ನ ಟೆಸ್ಟ್‌ನಲ್ಲಿ ಭೀಮ ಒಬ್ಬನೇ ಬಾಕಿದಾರ, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಗ್ಯಾಸ್ (ಕೋಡ್ ಓಡಿಸೋ ಖರ್ಚು) ಉಳಿಸೋಕೆ ಅಂತ ಲೆಂಗ್ತ್ ಅನ್ನು ಲೂಪ್ ಹೊರಗೇ ಒಂದು ವೇರಿಯಬಲ್‌ಗೆ ಹಾಕಿಟ್ಟಿದ್ದರೆ ಐ 3ಕ್ಕೆ ಹೋಗಿ ಪ್ಯಾನಿಕ್ 0ಎಕ್ಸ್32 ಅನ್ನೋ ಎರರ್ ಬರುತ್ತಿತ್ತು, ಅಂದರೆ ಅರೇಯಿಂದ ಆಚೆ ಕಾಲಿಟ್ಟೆ ಅಂತ. ಅದೇ ವಾಸಿ, ಕೊನೇಪಕ್ಷ ಕೂಗಿಕೊಳ್ಳುತ್ತದೆ.

ಸರಿ, ಹಿಂದಿನಿಂದ ಬರೋಣ ಅಂತ ಐ ಅನ್ನು ಲೆಂಗ್ತ್ ಮೈನಸ್ 1ರಿಂದ ಶುರು ಮಾಡಿ, ಐ ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ ಇರೋವರೆಗೂ ಓಡಲಿ ಅಂತ ಬರೆದೆ. ಮತ್ತೆ ಎಡವಟ್ಟು. ಐ ಒಂದು ಯುಇಂಟ್, ಅಂದರೆ ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕ, ಯಾವತ್ತೂ ಮೈನಸ್‌ಗೆ ಹೋಗೋದಿಲ್ಲ ಅಲ್ವಾ, ಆ ಕಂಡಿಷನ್ ಸುಳ್ಳಾಗೋದೇ ಇಲ್ಲ. ಸೊನ್ನೆಯಿಂದ ಒಂದು ಕಳೆಯೋಕೆ ಹೋದ ಕೂಡಲೇ ಪ್ಯಾನಿಕ್ 0ಎಕ್ಸ್11 (ಲೆಕ್ಕ ಮಿತಿ ದಾಟಿತು ಅನ್ನೋ ಎರರ್), ಇಡೀ ಟ್ರಾನ್ಸಾಕ್ಷನ್ ರಿವರ್ಟ್. ಅರೇ ಖಾಲಿ ಇದ್ದರಂತೂ ಮೊದಲ ಸಾಲಲ್ಲೇ ಬೀಳುತ್ತದೆ. ಇದು ಸಾಲಿಡಿಟಿ 0.8 ಮತ್ತು ಅದರ ನಂತರದ ವರ್ಷನ್‌ಗಳ ಕಥೆ. ಹಳೇ ವರ್ಷನ್‌ಗಳಲ್ಲಿ ಐ ಸದ್ದಿಲ್ಲದೆ 2ರ ಘಾತ 256, ಮೈನಸ್ 1 ಆಗಿಬಿಡುತ್ತಿತ್ತು.

(ಸ್ಕ್ರೀನ್ ಮೇಲೆ: ಸರಿಪಡಿಸಿದ ಲೂಪ್)

ಐ ಅನ್ನು ಲೆಂಗ್ತ್‌ನಿಂದಲೇ ಶುರು ಮಾಡಿ, ಸೊನ್ನೆಗಿಂತ ಜಾಸ್ತಿ ಇರೋವರೆಗೆ ಓಡಿಸಿ, ಒಳಗೆ ಇಂಡೆಕ್ಸ್ ಐ ಮೈನಸ್ 1 ಅಂತ ಬರೆಯಿರಿ. ಮೊದಲು ಶ್ಯಾಮ ಔಟ್. ಸೋಮ ಸರಿ. ಭೀಮ ಔಟ್ ಆದಾಗ ಅವನ ಜಾಗಕ್ಕೆ ಬರೋದು ಸೋಮ, ಅವನನ್ನು ಆಗಲೇ ನೋಡಿ ಆಗಿದೆ. ರಾಮ ಸರಿ.

ಆದರೆ ಮೆಂಬರ್‌ಗಳು ಸಾವಿರಗಟ್ಟಲೆ ಆದರೆ ಈ ಲೂಪೂ ಸಾಲದು. 2016ರಲ್ಲಿ ಗವರ್ನ್‌ಮೆಂಟಲ್ ಅನ್ನೋ ಆಟದ ಕಾಂಟ್ರ್ಯಾಕ್ಟ್‌ನಲ್ಲಿ ಸುಮಾರು 1100 ಈಥರ್ (ಎಥೀರಿಯಂನ ಹಣ) ಸಿಕ್ಕಿಹಾಕಿಕೊಂಡಿತ್ತು, ಪಟ್ಟಿ ಅಳಿಸೋಕೆ ಬೇಕಾದ ಗ್ಯಾಸ್ ಒಂದು ಬ್ಲಾಕ್‌ನ ಮಿತಿಯನ್ನೇ ಮೀರಿತ್ತು. ಹಾಗಾಗಿ ಎಲ್ಲಿಂದ ಎಲ್ಲಿವರೆಗೆ ಅಂತ ಫಂಕ್ಷನ್‌ಗೆ ಕೊಟ್ಟು ಕಂತು ಕಂತಾಗಿ ತೆಗೆಯಿರಿ, ಆಗಲೂ ಬಾಲದ ಕಡೆಯಿಂದಲೇ.

ಟೆಸ್ಟ್‌ಗೆ ಮೂರು ಕೇಸ್ ಸೇರಿಸಿ: ಕೊನೆಯವನೂ ಬಾಕಿ, ಎಲ್ಲರೂ ಬಾಕಿ, ಅರೇ ಖಾಲಿ. ಯಾವುದರಲ್ಲಿ ಬಿತ್ತು ಅಂತ ಕಾಮೆಂಟ್‌ನಲ್ಲಿ ಹಾಕಿ.